ಎತ್ತರದ ಸ್ಟೂಲು

ದಾರದಕ್ಕ ಕಳೆದ ಮಂಗಳವಾರ ಸಂಜೆ ತೀರಿಕೊಂಡಳು. ಅರವತ್ತೇಳು ವರ್ಷವಾಗಿತ್ತು. ಅಂಗಡಿಯಿಂದ ಮನೆಗೆ ಬಂದು, ಮುಖ ತೊಳೆದು, ಸ್ವಲ್ಪ ಮಲಗುತ್ತೇನೆ ಎಂದವಳು ಮತ್ತೆ ಏಳಲಿಲ್ಲ. ಅವಳು ಹೊಲಿದ ಪುಸ್ತಕಗಳು ನಮ್ಮೆಲ್ಲರ ಕಪಾಟಿನಲ್ಲಿ ಗಟ್ಟಿಯಾಗಿಯೇ ಇವೆ.

ಬೈಂಡಿಂಗ್ ಅಂಗಡಿಯ ಯಜಮಾನಿ ದಾರದಕ್ಕ ಎಂದರೆ ಊರಿಗೆಲ್ಲ ಗೊತ್ತು. ಆದರೆ ಆ ಯಜಮಾನಿಯ ಪರಿಚಯ ದಾರದಕ್ಕನಿಗೇ ಆದದ್ದು ಬಹಳ ತಡವಾಗಿ, ನಲವತ್ತಾರನೆಯ ವಯಸ್ಸಿನಲ್ಲಿ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಹೊಲಿಯುವವಳು. ಉದ್ದನೆಯ ಕೋಣೆ, ಬೀದಿ ಕಡೆಗೆ ಒಂದೇ ಕಿಟಕಿ, ನಡುವೆ ದೊಡ್ಡ ಮರದ ಮೇಜು. ಮೇಜಿನ ಆಚೆ ಎತ್ತರದ ಸ್ಟೂಲು, ಅದರ ಮೇಲೆ ಯಜಮಾನರು. ಈಚೆ ಗೋಡೆಯ ಪಕ್ಕ ಕುಳ್ಳ ಮಣೆ, ಅದರ ಮೇಲೆ ಇವಳು. ಮಡಿಸಿದ ಹಾಳೆಗಳನ್ನು ಜೋಡಿಸಿ, ದಾರಕ್ಕೆ ಮೇಣ ಸವರಿ, ಪುಸ್ತಕದ ಬೆನ್ನು ಹೊಲಿಯುವುದು ಅವಳ ಕೆಲಸ. ಕತ್ತಿನಲ್ಲಿ ಸದಾ ನಾಲ್ಕೈದು ಎಳೆ ದಾರ ನೇತಾಡುತ್ತಿದ್ದುದರಿಂದ ಆ ಹೆಸರು.

ಕೊನೆಯ ಆರು ವರ್ಷ ಯಜಮಾನರ ಕೈ ನಡುಗತೊಡಗಿತ್ತು. ರಟ್ಟು ಅಳೆಯುವುದು, ಅಂಚು ಕತ್ತರಿಸುವ ಯಂತ್ರದ ಹಿಡಿ ಎಳೆಯುವುದು ಎಲ್ಲ ಅವಳ ಪಾಲಿಗೆ ಬಂತು. ಆದರೂ ಯಾರಾದರೂ ಹೊಗಳಿದರೆ, "ಅದು ಯಜಮಾನ್ರ ಕಟಿಂಗು. ನಾನು ಬರೀ ಹೊಲಿಯೋಳು," ಎನ್ನುತ್ತಿದ್ದಳು. ವಿನಯಕ್ಕೆ ಆಡಿದ ಮಾತಲ್ಲ, ಹಾಗೆಂದೇ ನಂಬಿದ್ದಳು.

ಮಗಳ ಮನೆಗೆ ಹೊರಟ ದಿನ ಯಜಮಾನರು ಬೀಗದ ಕೈಯನ್ನು ಅವಳ ಮುಂದಿಟ್ಟರು. "ಇನ್ಮೇಲೆ ಅಂಗಡಿ ನಿಂದೇ ಕಣಮ್ಮಾ."

"ನೀವು ಬರೋವರೆಗೂ ನೋಡ್ಕೋತೀನಿ."

"ನಾನು ಬರಲ್ಲ ಅಂತಾನೇ ಹೇಳ್ತಿರೋದು."

"ಆಯ್ತು, ಅಲ್ಲೀವರೆಗೂ ನೋಡ್ಕೋತೀನಿ."

ಮರುದಿನ ಮತ್ತೆ ಮಣೆಯ ಮೇಲೇ ಕೂತಳು. ಸ್ಟೂಲಿನ ಧೂಳು ಒರೆಸುತ್ತಿದ್ದಳು, ಹತ್ತುತ್ತಿರಲಿಲ್ಲ. ಬಾಗಿಲಲ್ಲಿ ಇಣುಕಿದವರು "ಯಜಮಾನ್ರಿಲ್ವಾ?" ಎಂದರೆ ಬಾಯಿ ತಾನಾಗಿಯೇ "ಇಲ್ಲ" ಎಂದುಬಿಡುತ್ತಿತ್ತು. ಬಂದವರು ಹಾಗೇ ಹಿಂದಿರುಗುತ್ತಿದ್ದರು. ಮೂರು ತಿಂಗಳಲ್ಲಿ ಕೆಲಸ ಅರ್ಧಕ್ಕಿಳಿಯಿತು. ಮುಚ್ಚುವುದಾದರೆ ಈ ತಿಂಗಳೇ ತಿಳಿಸಿ, ಜಾಗ ಕೇಳುವವರಿದ್ದಾರೆ ಎಂದು ಕಟ್ಟಡದವರು ಹೇಳಿ ಕಳಿಸಿದರು.

ಅದೇ ವಾರ ಕಾಲೇಜು ಲೈಬ್ರರಿಯ ಗುಮಾಸ್ತರು ಬಂದರು. ಮುನ್ನೂರು ಹಳೆಯ ಪುಸ್ತಕಗಳಿಗೆ ಹೊಸ ಬೈಂಡು ಆಗಬೇಕಿತ್ತು.

"ಯಜಮಾನ್ರಿದ್ದಾರಾ?"

"ಇಲ್ಲ," ಎಂದಳು. ಮುನ್ನೂರು ಎಂಬುದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. "ಬರ್ತಾರೆ, ಕೂತ್ಕೊಳ್ಳಿ."

ಗುಮಾಸ್ತರು ಕೂತೇಬಿಟ್ಟರು. ಆಡಿದ ಮಾತನ್ನು ನುಂಗುವುದು ಹೇಗೆಂದು ತಿಳಿಯದೆ ಅವಳು ತಲೆ ತಗ್ಗಿಸಿ ಹೊಲಿದಳು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಅಷ್ಟರಲ್ಲಿ ಬೆಳಗಿನಿಂದ ಹಿಡಿದಿದ್ದ ಪುಸ್ತಕ ಮುಗಿಯಿತು. ಅಂಚು ಕತ್ತರಿಸಿ, ಹೊಲಿಗೆ ಸರಿಬಂದಿದೆಯೇ ನೋಡಲು ರೂಢಿಯಂತೆ ನಡುಪುಟಕ್ಕೆ ಬಿಡಿಸಿ ಮೇಜಿನ ಮೇಲಿಟ್ಟು ಕೈ ಬಿಟ್ಟಳು. ಪುಸ್ತಕ ತಾನಾಗಿ ಮುಚ್ಚಿಕೊಳ್ಳಲಿಲ್ಲ, ಅಂಗೈಯಂತೆ ಬಿಚ್ಚಿಕೊಂಡೇ ಇತ್ತು. ಗುಮಾಸ್ತರು ಅದನ್ನೇ ನೋಡುತ್ತಿದ್ದರು.

ಆಗ ಊಟದ ಡಬ್ಬಿ ಹಿಡಿದು ಅವಳ ಅಣ್ಣನ ಹೆಂಡತಿ ಬಂದರು. "ಯಾರಿಗೆ ಕಾಯ್ತಿದೀರಿ?"

"ಯಜಮಾನ್ರಿಗೆ."

"ಹಾಗಿದ್ರೆ ಒಂದು ಹಾಸಿಗೆನೂ ತರಿಸ್ಕೊಳ್ಳಿ. ಅವರು ಊರು ಬಿಟ್ಟು ಮೂರು ತಿಂಗಳಾಯ್ತು!"

ಗುಮಾಸ್ತರು ದಡಕ್ಕನೆ ಎದ್ದರು. "ಏನಮ್ಮಾ ಇದು ತಮಾಷೆ? ಮತ್ತೆ ಈ ಪುಸ್ತಕ ಮಾಡಿದ್ಯಾರು?"

ಯಜಮಾನ್ರ ಕಟಿಂಗು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಖಾಲಿ ಸ್ಟೂಲು ಕಣ್ಣಿಗೆ ಬಿತ್ತು. ಯಂತ್ರದ ಕೆಳಗೆ ಈಗಷ್ಟೇ ಉದುರಿದ ಕಾಗದದ ಚೂರುಗಳಿದ್ದವು.

"ನಾನು," ಎಂದಳು. "ಹೊಲಿಗೆ ನಂದು. ಕಟಿಂಗೂ ನಂದೇ. ಆರು ವರ್ಷದಿಂದ ನಂದೇ."

"ಒಂದು ಗಂಟೆ ಮುಂಚೆ ಹೇಳೋಕೆ ಏನಾಗಿತ್ತು?"

"ನಂಗೂ ಈಗಲೇ ಗೊತ್ತಾಗಿದ್ದು ಸಾರ್."

ಗುಮಾಸ್ತರಿಗೆ ನಗು ತಡೆಯಲಾಗಲಿಲ್ಲ. ಯಾವಾಗ ಕೊಡ್ತೀರಿ ಎಂದು ಕೇಳಿದರು. ಬರೆದುಕೊಳ್ಳುವ ಪುಸ್ತಕ ಮೇಜಿನ ಆಚೆಗಿತ್ತು. ದಾರದಕ್ಕ ಸುತ್ತಿ ಆಚೆ ಹೋದಳು. ಕೂತು ಬರೆಯಲು ಹತ್ತಿರದಲ್ಲಿದ್ದುದು ಆ ಸ್ಟೂಲೊಂದೇ. ಕೂತುಬಿಟ್ಟಳು.

ಮುಂದಿನ ಇಪ್ಪತ್ತೊಂದು ವರ್ಷ ಅಲ್ಲೇ ಕೂತಳು. ಕಿಟಕಿ ದೊಡ್ಡದಾಯಿತು, ಇನ್ನೊಂದು ಯಂತ್ರ ಬಂತು. ಸಂತೋಷವಾಗಿದ್ದಳು. ಅಣ್ಣ ಹೋದ ಮೇಲೆ, ಊಟ ತರುತ್ತಿದ್ದ ಅತ್ತಿಗೆ ಮಣೆಯ ಮೇಲೆ ಕೂತು ಹಾಳೆ ಮಡಿಸಲು ಶುರುಮಾಡಿದರು. ನಿಧಾನವಾಗಿ ಸೂಜಿಯೂ ಅವರ ಕೈಗೆ ಹೋಯಿತು.

ಕಳೆದ ಮಂಗಳವಾರ ನಾಲ್ಕು ಗಂಟೆಯ ಹೊತ್ತಿಗೆ ಒಬ್ಬರು ಹರಿದ ನಿಘಂಟು ಹಿಡಿದು ಬಂದರು. ದಾರದಕ್ಕ ಹಿಂದುಗಡೆ ಅಂಟು ಕಲಸುತ್ತಿದ್ದಳು.

"ಯಜಮಾನಿ ಒಳಗಿದಾಳೆ, ಕೂತ್ಕೊಳ್ಳಿ," ಎಂದರು ಅತ್ತಿಗೆ. "ನಾನು ಬರೀ ಮಡಿಸೋಳು."

ದಾರದಕ್ಕ ಅಂಟಿನ ಕೈಯಲ್ಲೇ ಹೊರಗೆ ಬಂದಳು. "ಮಡಿಸೋರಂತೆ! ಹೋದ ವರ್ಷದಿಂದ ನಿಘಂಟೆಲ್ಲ ಹೊಲೀತಿರೋರು ಯಾರು? ಪಾಪ, ಕಾಯ್ತಿರೋ ಇವರಿಗೊಂದು ಹಾಸಿಗೆ ತರಿಸ್ಲಾ ಅತ್ತಿಗೆ?"

"ಇಷ್ಟು ವರ್ಷ ಆ ಹಾಸಿಗೆ ಮಾತನ್ನ ನೆನಪಿಟ್ಕೊಂಡಿದ್ಯಲ್ಲೇ!"

ದಾರದಕ್ಕ ಕೈ ಒರೆಸಿಕೊಂಡು, ಅತ್ತಿಗೆಯ ತೋಳು ಹಿಡಿದೆಬ್ಬಿಸಿ, ಮೇಜಿನ ಆಚೆ ಕರೆದೊಯ್ದು ಎತ್ತರದ ಸ್ಟೂಲಿನ ಮೇಲೆ ಕೂರಿಸಿದಳು. "ಯಾವತ್ತು ಕೊಡ್ತೀರಿ ಅಂತ ನೀವೇ ಹೇಳಿ."

ಅತ್ತಿಗೆ ನಿಘಂಟನ್ನು ತಿರುವಿ ತಿರುವಿ ನೋಡಿ, "ಶುಕ್ರವಾರ," ಎಂದರು.

ದಾರದಕ್ಕ ಈಚೆ ಬಂದು ಮಣೆಯ ಮೇಲೆ ಕೂತಳು. ಕತ್ತಿನಿಂದ ಒಂದೆಳೆ ದಾರ ತೆಗೆದು ಮೇಣ ಸವರಿದಳು.