ಶಂಕರಪ್ಪನವರ ಗರಗಸದ ಫೈಲು

ರಾಜಧಾನಿಯ ದ್ವಾರಕಾದಲ್ಲಿ ನಮ್ಮ ಎದುರು ಮನೆಯ ಶಂಕರಪ್ಪನವರು ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಖರೀದಿ ವಿಭಾಗದಲ್ಲಿದ್ದವರು. ಗುಂಡುಸೂಜಿಯಿಂದ ಜನರೇಟರಿನವರೆಗೆ ಸರ್ಕಾರಕ್ಕೆ ಎಲ್ಲವನ್ನೂ ಕೊಂಡುಕೊಟ್ಟರೂ ತಮಗಾಗಿ ಒಂದು ಬನಿಯನ್ ಕೊಂಡವರಲ್ಲ. ಅದು ಹೆಂಡತಿ ಮನೋರಮಾ ಅವರ ಇಲಾಖೆ. ನಿವೃತ್ತರಾದ ಮೇಲೆ ಬಾಲ್ಕನಿಗೆ ಗಾಜು ಹಾಕಿಸಿ, ಗೋಡೆಗೆ ಒತ್ತಿ ಮರಗೆಲಸದ ಬೆಂಚೊಂದನ್ನು ಕೂರಿಸಿಕೊಂಡರು. ಅದರ ಮೇಲೆ ಈವರೆಗೆ ತಯಾರಾದದ್ದು ಒಂದೇ ಒಂದು ಮಣೆ. ಅದೂ ಕುಂಟುತ್ತದೆ.

"ರೀ, ಈ ಸಲ ದಸರಾ ಗೊಂಬೆಗಳಿಗೆ ಏಳು ಮೆಟ್ಟಿಲು ಮಾಡ್ಕೊಡಿ. ಎಷ್ಟು ವರ್ಷ ಅಂತ ಟ್ರಂಕು ಪೇರಿಸಿ ಪಂಚೆ ಹೊದಿಸ್ಲಿ?" ಎಂದರು ಮನೋರಮಾ. ದಸರೆಗೆ ಎರಡು ತಿಂಗಳಿತ್ತು.

ಮೆಟ್ಟಿಲಿಗೆ ಒಂದಡಿ ಅಗಲದ ಹಲಗೆ ಬೇಕು. ಹಲಗೆಯನ್ನು ನೇರಕ್ಕೂ ಓರೆಗೂ ಕೊಯ್ಯುವ ಸಾಮಾನ್ಯ ಮೈಟರ್ ಗರಗಸದ ಯಂತ್ರ ಅರ್ಧ ಅಡಿ ಕೊಯ್ದು ನಿಂತುಬಿಡುತ್ತದೆ. ಅಲಗು ಹಿಂದೆ ಮುಂದೆ ಜಾರುವ ಸ್ಲೈಡಿಂಗ್ ಜಾತಿಯದೇ ಆಗಬೇಕು. ಇಷ್ಟು ತಿಳಿದದ್ದೇ ತಡ, ಶಂಕರಪ್ಪನವರ ಕುತೂಹಲ ಕೆರಳಿತು. ಅಲಗಿಗೆ ಹಲ್ಲೆಷ್ಟು? ಎಷ್ಟು ಡಿಗ್ರಿ ವಾಲುತ್ತದೆ? ಹೊಟ್ಟು ಎಲ್ಲಿಗೆ ಹೋಗುತ್ತದೆ? ಫೈಲು ತೆರೆದರು. ಮೂರು ಕೊಟೇಶನ್ ತರಿಸಿ ಹದಿನಾರು ಕಾಲಮ್ಮಿನ ತುಲನಾತ್ಮಕ ಪಟ್ಟಿ ಬರೆದರು. ಎಲ್ಲಕ್ಕಿಂತ ಕಡಿಮೆ ಬೆಲೆಯದು, ಅಂದರೆ ಎಲ್-ಒನ್, ಕರೋಲ್ ಬಾಗಿನ ಅಂಗಡಿಯದು. ಅಷ್ಟರಲ್ಲಿ ಒಂದು ತಿಂಗಳು ಹೋಯಿತು.

ಅಂಗಡಿಗೆ ಇಬ್ಬರೂ ಹೋದರು. ಶಂಕರಪ್ಪನವರು ಯಂತ್ರದ ಹಿಡಿಕೆ ಎಳೆದರು, ತಳ್ಳಿದರು, ಮತ್ತೆ ಎಳೆದರು. ಬಗ್ಗಿ ಅದರ ಹೊಟ್ಟೆ ನೋಡಿದರು. ಮುಕ್ಕಾಲು ಗಂಟೆ ಕಾದ ಅಂಗಡಿಯ ಸರ್ದಾರ್ಜಿ ಕೇಳಿದ: "ಅಂಕಲ್‌ಜೀ, ಇದರಲ್ಲಿ ಮರ ಕೊಯ್ತೀರೋ, ಇದಕ್ಕೆ ಮಗಳನ್ನ ಕೊಡ್ತೀರೋ?"

ಆಗ ಮನೋರಮಾ ಬಾಯಿಬಿಟ್ಟರು. "ತಳ್ಳಿದಾಗ ಈ ಸರಳು ಹಿಂದಕ್ಕೆ ಚಾಚ್ತಾವಲ್ಲ, ನಮ್ಮ ಬೆಂಚಿನ ಹಿಂದೆ ಗೋಡೆ ಇದೆಯಲ್ರೀ?"

ಶಂಕರಪ್ಪನವರು ಪಟ್ಟಿ ತೆಗೆದು ಎರಡು ಸಲ ಓದಿದರು. ಹದಿನಾರು ಕಾಲಮ್ಮಿನಲ್ಲಿ ಗೋಡೆ ಎಲ್ಲೂ ಇರಲಿಲ್ಲ.

ಸರ್ದಾರ್ಜಿ ಇನ್ನೊಂದನ್ನು ತೋರಿಸಿದ. ಅದರ ಸರಳುಗಳು ಇದ್ದಲ್ಲೇ ಇರುತ್ತವೆ, ಅಲಗು ಮಾತ್ರ ಅವುಗಳ ಮೇಲೆ ಓಡುತ್ತದೆ. ಗೋಡೆಗೆ ಒತ್ತಿಯೇ ಇಡಬಹುದು. ಬೆಲೆ ಜಾಸ್ತಿ.

"ಇದು ಎಲ್-ಒನ್ ಅಲ್ಲ ಕಣೇ. ನಾಳೆ ಆಡಿಟ್‌ನವರು ಕೇಳ್ತಾರೆ."

"ಯಾವ ಆಡಿಟ್ಟು? ನಾನೇ ತಾನೆ? ಕೇಳಲ್ಲ, ತಗೊಳ್ಳಿ."

ಶಂಕರಪ್ಪನವರಿಂದ ಆಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದು, ಗೋಡೆಯನ್ನು ಹದಿನೇಳನೆಯ ಕಾಲಮ್ಮಾಗಿ ಸೇರಿಸಿ, ಮೂರು ಹೊಸ ಕೊಟೇಶನ್ ಕರೆದರು. ಮೂರು ವಾರದ ನಂತರ ಅದೇ ಸರ್ದಾರ್ಜಿಯ ಅದೇ ಎರಡನೆಯ ಯಂತ್ರ, ಈ ಬಾರಿ ಶಾಸ್ತ್ರೋಕ್ತವಾಗಿ ಎಲ್-ಒನ್ ಆಗಿ, ಮನೆಗೆ ಬಂತು. ಹಬ್ಬಕ್ಕೆ ಉಳಿದದ್ದು ಒಂದು ವಾರ.

ಪಾಡ್ಯದ ಸಂಜೆ ನಾವೆಲ್ಲ ಆರತಿಗೆ ಹೋದೆವು. ಇದ್ದದ್ದು ಮೂರೇ ಮೆಟ್ಟಿಲು. ಪಟ್ಟದ ಗೊಂಬೆ, ಶೆಟ್ಟಿ ದಂಪತಿ, ಆನೆ, ಸಿಪಾಯಿ ಎಲ್ಲರೂ ಆಫೀಸು ಬಿಡುವ ಹೊತ್ತಿನ ಮೆಟ್ರೋದಲ್ಲಿ ನಿಂತ ಹಾಗೆ ಒತ್ತಿಕೊಂಡಿದ್ದರು. ಆದರೆ ಮೂಲೆಗಳು ಎಷ್ಟು ಚೆನ್ನಾಗಿ ಕೂಡಿದ್ದವೆಂದರೆ ನಮ್ಮಾಕೆ ಉಗುರಿನಲ್ಲಿ ಸಂದು ಹುಡುಕಿ ಸೋತಳು.

"ಏಳು ಅಂದಿದ್ರಿ?" ಎಂದಳು.

"ಉಳಿದ ನಾಲ್ಕು ಪರಿಶೀಲನೇಲಿವೆ," ಎಂದರು ಮನೋರಮಾ, ಸಿಪಾಯಿಯನ್ನು ತುಸು ಸರಿಸಿ ಆನೆಗೆ ಜಾಗ ಮಾಡುತ್ತ.

ಬಾಲ್ಕನಿಯಿಂದ ಗರಗಸ ಗುರ್ರೆಂದಿತು. ಆರತಿಯ ಹಾಡು ಅರ್ಧಕ್ಕೆ ನಿಂತಿತು. "ನಿಲ್ಲಿಸ್ಬೇಡಿ, ಹಾಡಿ," ಎಂದರು ಮನೋರಮಾ. "ಮಹಾನವಮಿಯೊಳಗೆ ಐದಾದ್ರೂ ಆಗ್ಲಿ."