ಕಣ್ಣು ಮಿಟುಕಿಸದ ಗಂಗವ್ವ

ಹಳಿಯಾಳದ ನಮ್ಮ ಮಾಜಿ ಸೈನಿಕರ ಸಂಘಕ್ಕೆ ನಾನು ಕಾರ್ಯದರ್ಶಿ. ಪ್ರತಿ ನವೆಂಬರಿನಲ್ಲಿ ಸೈನಿಕರ ವಿಧವೆಯರ ಮನೆಗೆ ಹೋಗಿ, ಅವರಿನ್ನೂ ಬದುಕಿದ್ದಾರೆಂದು ಫೋನಿನಲ್ಲಿ ದಾಖಲಿಸಿ ಬರುತ್ತೇನೆ. ದಾಖಲಾಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಎದುರಿಗೆ ಕೂತು ಚಹಾ ಕೊಟ್ಟವರು ಬದುಕಿದ್ದಾರೆಂದು ಫೋನನ್ನು ನಂಬಿಸುವುದು ಇಷ್ಟು ಕಷ್ಟವೆಂದು ಮೊದಲು ಗೊತ್ತಿರಲಿಲ್ಲ.

ಮುಂಡಗೋಡ ಕಡೆಯ ಹಳ್ಳಿಯೊಂದರಲ್ಲಿ ಗಂಗವ್ವನವರ ಬೆರಳಚ್ಚು ಮೂಡಲಿಲ್ಲ. ಕೂಲಿ ಮಾಡಿ ಬೆರಳು ಸವೆದಿದ್ದವು. ಇನ್ನು ಮುಖ ತೋರಿಸುವುದೊಂದೇ ದಾರಿ. ಆಗ ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಮಾತ್ರ ಎದುರಿಗಿರುವುದು ಜೀವಂತ ಮನುಷ್ಯ, ಬರೀ ಫೋಟೋ ಅಲ್ಲ ಎಂದು ಫೋನು ಒಪ್ಪುತ್ತದೆ.

ಗಂಗವ್ವ ಸೆರಗು ಸರಿಮಾಡಿಕೊಂಡು, ಕಣ್ಣು ಅಗಲಿಸಿ, ಅಲ್ಲಾಡದೆ ಕೂತರು. ಫೋನು ಮೂರು ಸಲ ಒಲ್ಲೆನೆಂದಿತು.

“ಯವ್ವಾ, ಒಮ್ಮೆ ಕಣ್ಣ ಮುಚ್ಚಿ ತೆಗೀರಿ,” ಎಂದೆ.

“ಫೋಟೋ ತೆಗ್ಯೂವಾಗ ಕಣ್ಣ ಮುಚ್ಚಬಾರದಂತ ನಮ್ಮ ಮನಿಯವ್ರು ಹೇಳ್ಯಾರ್ರೀ. ಬೇಕಾದ್ರ ಅಲ್ನೋಡ್ರಿ.”

ಗೋಡೆಯ ಮೇಲೆ ಮದುವೆಯ ಹೊಸತರಲ್ಲಿ ತೆಗೆಸಿದ ಫೋಟೋ ಇತ್ತು. ಅದರಲ್ಲೂ ಗಂಗವ್ವ ಹೀಗೇ ಕಣ್ಣು ಅಗಲಿಸಿದ್ದರು. ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಗಂಡ ನೆಟ್ಟಗೆ ನಿಂತಿದ್ದರು, ಎರಡೂ ಕಣ್ಣು ಮುಚ್ಚಿಕೊಂಡು.

“ಹೇಳಿದವರೇ ಮುಚ್ಚಿಬಿಟ್ಟಾರಲ್ರೀ!” ಎಂದೆ.

ಗಂಗವ್ವನವರಿಗೆ ನಗು ತಡೆಯಲಾಗಲಿಲ್ಲ. ನಗುವಾಗ ಕಣ್ಣು ತಾವಾಗಿಯೇ ಮುಚ್ಚಿ ತೆರೆದವು. ಫೋನು ಒಪ್ಪಿಕೊಂಡಿತು.

ಹೊರಡುವಾಗ ಆ ಫೋಟೋವನ್ನು ಮತ್ತೊಮ್ಮೆ ನೋಡಿದೆ. ಫೋನಿನ ನಿಯಮದ ಪ್ರಕಾರ ಹೇಳುವುದಾದರೆ, ಅದರಲ್ಲಿ ಜೀವಂತ ಇರುವುದು ಗಂಗವ್ವನವರ ಗಂಡ ಒಬ್ಬರೇ.