ರುಚಿ ಹೋದ ಮೇಲೆ ಸಿಕ್ಕ ಸವಿ

ಬೆಳಗಿನ ಜಾವ ನಾಲ್ಕೂವರೆ. ಬೇಕರಿಯ ಹಿಂಭಾಗದ ಕೋಣೆಯಲ್ಲಿ ಒಲೆಯ ಕಬ್ಬಿಣದ ಬಾಗಿಲು ತೆರೆಯುತ್ತದೆ. ಮಾರುದ್ದದ ಮರದ ಸಲಿಕೆಯಿಂದ ಅವರು ಒಂದು ಬ್ರೆಡ್ಡನ್ನು ಹೊರಗೆಳೆದು, ದಪ್ಪ ಬಟ್ಟೆ ಸುತ್ತಿದ ಎಡಗೈಯಲ್ಲಿ ತಲೆಕೆಳಗಾಗಿ ಹಿಡಿಯುತ್ತಾರೆ. ಬಲಗೈ ಗೆಣ್ಣಿನಿಂದ ತಳಕ್ಕೆ ಎರಡು ಸಲ ತಟ್ಟಿ ಕಿವಿಯ ಹತ್ತಿರ ತರುತ್ತಾರೆ. "ಇನ್ನೂ ಎರಡು ನಿಮಿಷ ಬೇಕಂತೆ" ಎಂದು ಮತ್ತೆ ಒಳಗೆ ತಳ್ಳುತ್ತಾರೆ. ಬ್ರೆಡ್ಡೇ ಹೇಳಿ ಕಳಿಸಿದೆಯೇನೋ ಎಂಬಂತಿದೆ ಅವರ ಮಾತು.

ಇವರಿಗೀಗ ಐವತ್ತೆಂಟು. ಇದೇ ಒಲೆಯ ಮುಂದೆ ಮೂವತ್ತನಾಲ್ಕು ವರ್ಷ ಕಳೆದಿದ್ದಾರೆ. ದಿನಕ್ಕೆ ಏಳುನೂರು ಬ್ರೆಡ್ಡು, ಮುನ್ನೂರು ಬನ್ನು. ಏಳು ಗಂಟೆಯೊಳಗೆ ಅವೆಲ್ಲ ಆಸ್ಪತ್ರೆಗೆ, ಎರಡು ಶಾಲೆಗಳಿಗೆ, ಸುತ್ತಲಿನ ಬೀದಿಗಳ ಮನೆಗಳಿಗೆ ಹೋಗಬೇಕು. ತಿನ್ನುವವರು ಇವರ ಮುಖ ಕಂಡಿಲ್ಲ. ಜೊತೆಯ ಕೆಲಸಗಾರರು ಕರೆಯುವುದು 'ರುಚಿಯಣ್ಣ' ಎಂದು.

ಹೆಸರು ಸುಮ್ಮನೆ ಬಂದಿದ್ದಲ್ಲ. ಒಂದು ಕಾಲಕ್ಕೆ ಈ ಮನುಷ್ಯನ ಪ್ರಪಂಚವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಎಲ್ಲಿ ಯಾವ ತಿಂಡಿ ಚೆನ್ನ, ಯಾರ ಮದುವೆಯ ಅಡುಗೆಗೆ ಯಾರು ಬರುತ್ತಾರೆ ಎಂಬುದೆಲ್ಲ ಬಾಯಿಪಾಠ. "ಹೊಸದಾಗಿ ಮದುವೆ ಆದಾಗ ಇವರು ಮನೆಗೆ ಬಂದೋರೇ ಮೊದಲು ಪಾತ್ರೆ ಮುಚ್ಚಳ ತೆಗೆದು ನೋಡ್ತಿದ್ರು, ಆಮೇಲೆ ನನ್ನ ಮುಖ" ಎನ್ನುತ್ತಾರೆ ಹೆಂಡತಿ. ಅವರೂ ಇದೇ ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ. ಆಗ ದೇವರ ನೆನಪು ಬರುತ್ತಿತ್ತೇ ಎಂದರೆ ರುಚಿಯಣ್ಣ ನಗುತ್ತಾರೆ. "ಕೈ ಮುಗೀತಿದ್ದೆ. ಬಸ್ಸಿಗೆ ಕೈ ತೋರಿಸ್ತೀವಲ್ಲ, ಹಾಗೆ. ನಿಂತ್ರೆ ನಿಲ್ಲಲಿ, ಹೋದ್ರೆ ಹೋಗ್ಲಿ."

ಏಳು ವರ್ಷದ ಹಿಂದೆ ಜ್ವರ ಬರುತ್ತದೆ. ಎಂಟು ದಿನ ಹಾಸಿಗೆ. ಒಂಬತ್ತನೆಯ ದಿನ ಹೆಂಡತಿ ನಿಂಬೆರಸ ಕುಡಿಸಿದರೆ, "ಬರೀ ನೀರು ಕೊಟ್ಟೆಯಲ್ಲೇ" ಎನ್ನುತ್ತಾರೆ. ಲೋಟ ಮೂಸಿದರೆ ವಾಸನೆಯೂ ಇಲ್ಲ. ನಾಲಿಗೆ, ಮೂಗು ಎರಡೂ ಒಟ್ಟಿಗೆ ಕೈಕೊಟ್ಟಿವೆ. ಬರಬಹುದು, ಬರದೆಯೂ ಇರಬಹುದು ಎಂದು ವೈದ್ಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಕಳಿಸುತ್ತಾರೆ.

ಬೇಕರಿಯವನಿಗೆ ಮೂಗೇ ಗಡಿಯಾರ. ಕೆಲಸಕ್ಕೆ ಮರಳಿದ ಮೊದಲ ದಿನವೇ ಎಂಬತ್ತು ಬ್ರೆಡ್ಡು ಕರಕಲು. ಎದುರಿಗೇ ನಿಂತಿದ್ದರೂ ಸೀದ ವಾಸನೆ ಗೊತ್ತಾಗಲಿಲ್ಲ. ಬೇಕರಿಯ ಒಡತಿ ಬೈಯಲಿಲ್ಲ, ಸ್ವಲ್ಪ ದಿನ ಸಾಮಾನು ಹೊರುವ ಕೆಲಸ ನೋಡಿಕೊಳ್ಳಿ ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಇವರಿಗೆ ಅನ್ನಿಸಿತು. ಮನೆಯಲ್ಲಿ ಊಟದ ತಟ್ಟೆ ಗೋಡೆಗೆ ಹಾರಿತು. ಮೂರು ತಿಂಗಳಲ್ಲಿ ಹನ್ನೆರಡು ಕಿಲೋ ಇಳಿದರು.

ಒಂದು ಬೆಳಗ್ಗೆ, ಕೆಲಸ ಶುರುವಾಗುವ ಮುಂಚೆ, ಬೇಕರಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ದೇವರೊಂದಿಗೆ ಜಗಳ ತೆಗೆದರು. "ನನ್ನ ಹತ್ರ ಇದ್ದದ್ದು ಇದೊಂದೇ ಸುಖ. ಅದನ್ನೂ ಕಿತ್ಕೊಂಡೆ. ಬದಲಿಗೆ ಏನು ಕೊಡ್ತೀಯ, ಕೊಡು. ಕೊಡೋಕೆ ಏನೂ ಇಲ್ಲ ಅಂದ್ರೆ ನೀನೇ ಬಾ ಅಂದೆ. ಬಾಯಿಗೆ ಬಂದ ಹಾಗೆ ಬೈದೆ."

ಏನೂ ಆಗಲಿಲ್ಲ. ಮರುದಿನವೂ ಹೋಗಿ ಕುಳಿತರು. ಹನ್ನೊಂದು ದಿನ ಹೀಗೇ ನಡೆಯಿತು. "ಹನ್ನೆರಡನೇ ದಿನ ಬೈಗುಳ ಮುಗಿದು ಹೋಯ್ತು. ಸುಮ್ಮನೆ ಕೂತೆ. ಯಾರೋ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು. ಕಣ್ಣಿಗೆ ಯಾರೂ ಕಾಣಲಿಲ್ಲ. ಆದ್ರೆ ಎದೆ ತುಂಬ್ಕೊಂಡು ಬಂತು. ನಗು ಬಂತು, ಅಳುನೂ ಬಂತು. ಅಂಥಾ ಸಂತೋಷ ನಾನು ಯಾವ ಮದುವೆ ಊಟದಲ್ಲೂ ಕಂಡಿಲ್ಲ ನೋಡಿ."

ಅದೇ ದಿನ ಟ್ರೇ ಹೊರುವಾಗ, ಆರಲು ಇಟ್ಟ ಬ್ರೆಡ್ಡಿನ ಸಾಲು ಚಿಟಿಚಿಟಿ ಎನ್ನುವುದು ಕೇಳಿಸಿತು. ಇಪ್ಪತ್ತೇಳು ವರ್ಷ ಅದರ ಪಕ್ಕದಲ್ಲೇ ಇದ್ದೂ ಕಿವಿಗೆ ಬಿದ್ದಿರಲಿಲ್ಲ. ಅಂದಿನಿಂದ ತಟ್ಟಿ ನೋಡುವುದು, ಕೇಳುವುದು, ಮುಟ್ಟಿ ತಿಳಿಯುವುದು. ಉಪ್ಪು ನೋಡುವ ಕೆಲಸ ಹೆಂಡತಿಯದು. ಆರು ವಾರಕ್ಕೆ ಒಡತಿ ಸಲಿಕೆಯನ್ನು ಮತ್ತೆ ಇವರ ಕೈಗೆ ಕೊಟ್ಟರು. ಮೆಟ್ಟಿಲ ಮೇಲಿನ ಆ ಅರ್ಧ ಗಂಟೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಜನ ಸುಮ್ಮನಿರುತ್ತಾರೆಯೇ? ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಜೊತೆಯವರು ಛೇಡಿಸಿದರು. ನಾಲಿಗೆಗೆ ರುಚಿ ಮರಳಲಿ, ಆಮೇಲೆ ನೋಡೋಣ ನಿನ್ನ ಭಕ್ತಿ ಎಂದರು. ಆ ಮಾತು ನಾಟಿತು. "ನನಗೂ ಒಳಗೊಳಗೆ ಅದೇ ಅಳುಕು. ಬೇರೆ ಗತಿ ಇಲ್ಲ ಅಂತ ದೇವರನ್ನ ಹಿಡ್ಕೊಂಡಿದೀನೇನೋ ಅಂತ."

ಹೋದ ವರ್ಷ ಅದಕ್ಕೂ ಉತ್ತರ ಸಿಕ್ಕಿತು. ಒಂದು ದಿನ ಇದ್ದಕ್ಕಿದ್ದಂತೆ ಸಕ್ಕರೆ ಸೀದ ವಾಸನೆ ಮೂಗಿಗೆ ಬಡಿಯಿತು. ಎರಡು ತಿಂಗಳಲ್ಲಿ ರುಚಿ ಪೂರ್ತಿ ಮರಳಿತು. ಹೆಂಡತಿ ಅವರಿಗಿಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿದರು. ರುಚಿಯಣ್ಣ ಕಣ್ಣೊರೆಸಿಕೊಳ್ಳುತ್ತ ಉಂಡರು. "ಬಡಿಸೋವಾಗ ನನಗೆ ಖುಷಿ, ಜೊತೆಗೇ ಭಯ" ಎನ್ನುತ್ತಾರೆ ಆಕೆ. "ಹಳೇ ಗಂಡ ವಾಪಸ್ ಬಂದ್ರೆ ಏನು ಗತಿ ಅಂತ. ಮರುದಿನ ಬೆಳಗ್ಗೆ ಮೂರೂವರೆಗೆ ಎಚ್ಚರ ಆಗಿ ನೋಡ್ತೀನಿ, ಹಾಸಿಗೆ ಖಾಲಿ. ಇವರು ಆಗಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ರು."

ಯಾಕೆ ಹೋದಿರಿ ಎಂದರೆ ಇವರಿಗೆ ಉತ್ತರ ಹುಡುಕಬೇಕಾಗಿಲ್ಲ. "ಊಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ತಟ್ಟೆ ಖಾಲಿ ಆದಾಗ ಅದೂ ಮುಗೀತು. ಇದು ಮುಗಿಯಲ್ಲ. ಈಗ ಊಟ ಇನ್ನೂ ರುಚಿ ನೋಡಿ. ಮುಂಚೆ ಒಂದು ತುತ್ತಿನ ಹತ್ರ ಇಡೀ ಜೀವನದ ಸುಖ ಕೇಳ್ತಿದ್ದೆ. ಪಾಪ, ಅದು ಎಲ್ಲಿಂದ ಕೊಡುತ್ತೆ?" ಛೇಡಿಸಿದವರಲ್ಲಿ ಒಬ್ಬಾತ, ಹಿಟ್ಟಿನ ಮೂಟೆ ಹೊರುವವನು, ಈಗ ವಾರಕ್ಕೆರಡು ದಿನ ತಾನೂ ಬಂದು ಪಕ್ಕದಲ್ಲಿ ಕೂರುತ್ತಾನೆ.

ಹೊರಗೆ ಬೆಳಕು ಹರಿಯುತ್ತಿದೆ. ಕೊನೆಯ ಟ್ರೇ ಗಾಡಿ ಏರಿದೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಮುಂದೆ ಏನು ಆಸೆ ಎಂದು ಕೇಳುತ್ತೇನೆ. ಕೈಗಂಟಿದ ಹಿಟ್ಟು ಉಜ್ಜುತ್ತ ಅವರು ಹಿಂದಿನ ಮೆಟ್ಟಿಲ ಕಡೆ ನೋಡುತ್ತಾರೆ.

"ಆ ಬೆಳಗಿನ ಅರ್ಧ ಗಂಟೆ ದೇವರು ನನಗೆ ಬಿಟ್ಟುಕೊಡ್ಲಿ, ಸಾಕು. ಉಳಿದ ಇಪ್ಪತ್ಮೂರೂವರೆ ಗಂಟೆ ಅವನು ಹೇಗಿಟ್ರೂ ನಡೆಯುತ್ತೆ."